ಮುಟ್ಟಿ ಕಲಿಯುವ ಯಂತ್ರ

ಕಪ್ಪು ಟೇಪಿನ ಒಂದು ಮೂಲೆ ಮತ್ತೆ ಎದ್ದಿತ್ತು. ತಪಾಸಣೆಯ ದಿನ ಎಲ್ಲರಿಗಿಂತ ಮೊದಲೇ ಬಂದು ತರಬೇತಿ ಸಂಸ್ಥೆಯ ವರ್ಕ್‌ಶಾಪಿನ ಬೀಗ ತೆಗೆದ ಮೇಷ್ಟ್ರ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಕಿಟಕಿಗಳನ್ನು ಇನ್ನೂ ತೆರೆದಿರಲಿಲ್ಲ. ಆ ಮಬ್ಬಿನಲ್ಲಿ ಟೇಪಿನ ಸಂದಿಯಿಂದ ಒಂದೆಳೆ ಕೆಂಪು ಬೆಳಕು ಹೊರಗೆ ಬಂದು, ಗೋಡೆಯ ಮೇಲಿನ ‘ಸುರಕ್ಷತೆಯೇ ನಮ್ಮ ಉಸಿರು’ ಎಂಬ ಬರಹದ ಕೊನೆಯ ಅಕ್ಷರವನ್ನು ತಾಗುತ್ತಿತ್ತು. ಅವನು ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಹುಗಿದುಕೊಂಡು, ಬಲಗೈಯ ಹೆಬ್ಬೆರಳಿನಿಂದ ಮಾತ್ರ, ಉಳಿದ ಬೆರಳುಗಳು ಯಂತ್ರದ ಲೋಹದ ಚೌಕಟ್ಟಿಗೆ ತಾಗದ ಹಾಗೆ ಮಡಚಿ ಹಿಡಿದು, ಟೇಪನ್ನು ಒತ್ತಿದ. ಒತ್ತಿದಾಗ ಕೂತಿತು, ಬಿಟ್ಟಾಗ ಎದ್ದಿತು. ನಾಲ್ಕು ತಿಂಗಳಿಂದ ಬಿಡುವಿಲ್ಲದೆ ಉರಿಯುತ್ತಿದ್ದ ಆ ಪುಟ್ಟ ದೀಪದ ಕಾವಿಗೆ ಅಂಟೆಲ್ಲ ಕರಗಿಹೋಗಿತ್ತು. ಒಂದು ಕೈ ಜೇಬಿನಲ್ಲಿಟ್ಟುಕೊಳ್ಳುವುದು ಅವನ ಹಳೆಯ ಅಭ್ಯಾಸ. ಎರಡೂ ಕೈ ಲೋಹಕ್ಕೆ ತಾಗಿದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕವೇ ದಾಟಿ ಹೋಗುತ್ತದೆ ಎಂಬುದು ಪಾಠ. ವಿದ್ಯಾರ್ಥಿಗಳು ಅದನ್ನು ಮೇಷ್ಟ್ರ ಸ್ಟೈಲು ಎಂದುಕೊಂಡು, ಕಾರಿಡಾರಿನಲ್ಲಿ ಅವನ ಹಿಂದೆ ತಾವೂ ಒಂದು ಕೈ ಜೇಬಿಗೆ ಹಾಕಿಕೊಂಡು ನಡೆದು ನಗುತ್ತಿದ್ದರು. ಅವನಿಗೆ ಅದು ಗೊತ್ತಿತ್ತು. ತಿರುಗಿ ನೋಡಿದರೆ, ಗೊತ್ತಿದೆ ಎಂಬುದು ಅವರಿಗೂ ಗೊತ್ತಾಗುತ್ತದಲ್ಲ ಎಂದು ತಿರುಗುತ್ತಿರಲಿಲ್ಲ.

ಯಂತ್ರವೆಂದರೆ ಬಾಗಿಲಿನಷ್ಟು ಎತ್ತರದ ಒಂದು ಫಲಕ. ಅದರ ಮೇಲೆ ಮನೆಗಳಲ್ಲಿರುವಂಥದ್ದೇ ಸ್ವಿಚ್ಚು, ಸಾಕೆಟ್ಟು, ಬಲ್ಬು, ಮೀಟರು; ಪಕ್ಕದಲ್ಲಿ ನಿಜವಾದ ವಾಷಿಂಗ್ ಮೆಷಿನ್ನಿನ ತಗಡಿನ ಮೈ; ಕೆಳಗೆ ಒಂದರಿಂದ ಎಂಟರವರೆಗೆ ಅಂಕಿ ಬರೆದ ತಿರುಗುಗುಂಡಿಗಳು. ಒಂದೊಂದು ಗುಂಡಿ ತಿರುಗಿಸಿದರೂ ಒಂದೊಂದು ತಪ್ಪು ಹುಟ್ಟಿಕೊಳ್ಳುತ್ತಿತ್ತು. ವಿದ್ಯಾರ್ಥಿ ಕೈಯಾರೆ ಅಳೆದು, ತಡವಿ, ಆ ತಪ್ಪನ್ನು ಹುಡುಕಬೇಕು. ಜೊತೆಗೆ ಆಳೆತ್ತರದ ಒಂದು ಪ್ಲಾಸ್ಟಿಕ್ ಗೊಂಬೆ. ಅದರ ಕೈಗೆ ಕರೆಂಟು ತಾಗಿದರೆ ಎದೆಯಲ್ಲಿ ಬಲ್ಬು ಹತ್ತುತ್ತದೆ. ಸಂಸ್ಥೆಯಲ್ಲಿ ಉಪಪ್ರಾಂಶುಪಾಲರ ಹುದ್ದೆ ಆರು ವರ್ಷದಿಂದ ಖಾಲಿಯಿದ್ದುದರಿಂದ ವಿದ್ಯಾರ್ಥಿಗಳು ಗೊಂಬೆಯನ್ನೇ ಆ ಹುದ್ದೆಗೆ ನೇಮಿಸಿಕೊಂಡು, ಹೋಗುವಾಗ ಬರುವಾಗ ನಮಸ್ಕಾರ ಹೇಳುತ್ತಿದ್ದರು. ಯಂತ್ರ ಬಂದ ದಿನ ಪ್ರಾಂಶುಪಾಲರು ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಇಂಥ ವಸ್ತುವನ್ನು ಇಪ್ಪತ್ತು ಜನ ಮುಟ್ಟಿದರೆ ಅದರ ಗತಿಯೇನು ಎಂದು ಚಿಂತೆಗೆ ಬಿದ್ದರು. ಮರುದಿನವೇ ಯಂತ್ರದ ಸುತ್ತ ಹಗ್ಗ ಕಟ್ಟಲಾಯಿತು. ಪ್ಲಗ್ಗನ್ನು ಹಾಕಿ ತೆಗೆದು ಮಾಡಿದರೆ ಸವೆಯುತ್ತದೆಂದು ಹಾಕಿದ್ದು ಹಾಗೇ ಉಳಿಯಿತು. ಹಗ್ಗದ ಈಚೆ ನಿಂತು, ಯಂತ್ರದ ಎದುರಿಗಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅದೇ ಯಂತ್ರದ ಚಿತ್ರ ಬರೆದು, ಆ ಚಿತ್ರದ ಗುಂಡಿಗಳನ್ನು ತಿರುಗಿಸಿ ಪಾಠ ಮಾಡಬೇಕೆಂದು ಸುತ್ತೋಲೆ ಬಂತು. ವಾರಕ್ಕೊಮ್ಮೆ ಎಲ್ಲ ವಿದ್ಯಾರ್ಥಿಗಳೂ ‘ಮುಟ್ಟಿ ಕಲಿತವರ ರಿಜಿಸ್ಟರ್’ ಎಂಬ ದಪ್ಪ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಪುಸ್ತಕವನ್ನಂತೂ ಅವರು ನಿಜವಾಗಿ ಮುಟ್ಟಿದ್ದರು.

ಟೇಪಿನ ಕೆಳಗಿನ ದೀಪ ಮೊದಲ ದಿನವೇ ಹತ್ತಿಕೊಂಡಿತ್ತು. ಅದರ ಕೆಳಗೆ ‘ಭೂಸಂಪರ್ಕ ಇಲ್ಲ’ ಎಂದು ಬರೆದಿತ್ತು. ಎಲ್ಲಿಂದಲೋ ತಪ್ಪಿಸಿಕೊಂಡು ಯಂತ್ರದ ಮೈಗೆ ಬಂದ ಕರೆಂಟು ಹಸಿರು ತಂತಿಯನ್ನು ಹಿಡಿದು ಹೊರಗೆ ತೋಡಿದ ಗುಂಡಿಗೆ ಹೋಗಿ ಮಣ್ಣಿನಲ್ಲಿ ಇಳಿದುಹೋಗಬೇಕು. ಆಗ ಫ್ಯೂಸು ಟಪ್ಪೆಂದು ಹಾರಿ ಎಲ್ಲ ನಿಂತುಹೋಗುತ್ತದೆ. ಮಣ್ಣಿಗೆ ದಾರಿ ಇಲ್ಲದಿದ್ದರೆ ಅದು ತಗಡಿನ ಮೈಯ ಮೇಲೇ ಕೂತು ಯಾರದಾದರೂ ಕೈ ಬರಲಿ ಎಂದು ಕಾಯುತ್ತದೆ. ಹತ್ತೊಂಬತ್ತು ವರ್ಷ ಇದನ್ನೇ ಪಾಠ ಮಾಡಿದ ಅವನಿಗೆ ಯಂತ್ರ ಕೆಟ್ಟಿಲ್ಲ, ಯಂತ್ರ ನಿಜ ಹೇಳುತ್ತಿದೆ ಎಂದು ತಕ್ಷಣ ಗೊತ್ತಾಯಿತು. ತಪ್ಪು ಹುಡುಕುವುದನ್ನು ಕಲಿಸಲು ಬಂದದ್ದು ಬಂದ ಗಳಿಗೆಯಲ್ಲೇ ಕಟ್ಟಡದ ತಪ್ಪನ್ನು ಹುಡುಕಿಬಿಟ್ಟಿತ್ತು. ಪ್ರಾಂಶುಪಾಲರಿಗೆ ಹೇಳಿದಾಗ ಅವರು ಬಗ್ಗಿ ದೀಪವನ್ನು ನೋಡಿ, ಹೊಸ ಸಾಮಾನಿನಲ್ಲಿ ಇಂಥ ಸಣ್ಣಪುಟ್ಟ ದೋಷ ಇರುವುದೇ, ಕಣ್ಣಿಗೆ ಕುಕ್ಕದ ಹಾಗೆ ಏನಾದರೂ ಅಂಟಿಸಿ ಎಂದರು. ಅವನು ಮರುಮಾತಾಡದೆ ಅಂಟಿಸಿದ. ಅಷ್ಟು ಬೇಗ ಯಾಕೆ ಒಪ್ಪಿಕೊಂಡೆ ಎಂದು ಆ ದಿನ ಮನೆಗೆ ಹೋಗುವ ದಾರಿಯಲ್ಲಿ ತನ್ನನ್ನೇ ಕೇಳಿಕೊಂಡು, ಉತ್ತರ ಗೊತ್ತಿದ್ದುದರಿಂದ ಬೇರೆ ಏನನ್ನೋ ಯೋಚಿಸಿದ.

ಉತ್ತರ ಅವನ ಮನೆಯ ಹಿತ್ತಲಲ್ಲೇ ನಿಂತಿತ್ತು. ಸಂಸ್ಥೆಯ ಭೂಸಂಪರ್ಕದ ಗುಂಡಿಯನ್ನು ಮಾಡಿಸಿದ್ದು ಅವನ ಹೆಂಡತಿಯ ತಮ್ಮನ ಕೈಯಲ್ಲಿ. ಭಾವಮೈದುನ ಶಾಲೆಯನ್ನು ಅರ್ಧಕ್ಕೇ ಬಿಟ್ಟು ವೈರಿಂಗ್ ಕೆಲಸ ಹಿಡಿದವನು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಬೆರಳಿನ ಹಿಂಭಾಗ ತಾಗಿಸಿ ನೋಡುವವನು. ಅಕ್ಕನ ಮನೆಯ ಫ್ಯಾನು ಕೆಟ್ಟರೆ ಭಾವನ ಕಣ್ಣೆದುರಿಗೇ ಸ್ಟೂಲು ಹತ್ತಿ ಮೇನ್ ಸ್ವಿಚ್ಚು ಕೂಡ ಆರಿಸದೆ ಐದು ನಿಮಿಷದಲ್ಲಿ ಸರಿಮಾಡಿ, “ನೀವು ಕಲಿಸಿ ಭಾವ, ನಾವು ಮಾಡ್ತೀವಿ” ಎಂದು ಕೈ ಒರೆಸಿಕೊಳ್ಳುವವನು. ಹೆಂಡತಿ ಆಗೆಲ್ಲ ಗಂಡನ ಮುಖ ನೋಡದೆ ತಮ್ಮನಿಗೆ ಟೀ ಕೊಡುತ್ತಿದ್ದಳು. ನೋಡದಿರುವುದರಲ್ಲೇ ಎಲ್ಲ ಇತ್ತು. ಆಳುದ್ದದ ಕಬ್ಬಿಣದ ಕೊಳವೆಯನ್ನು ನೆಲದೊಳಗೆ ಇಳಿಸಿ ಸುತ್ತ ಇದ್ದಿಲು ಉಪ್ಪು ತುಂಬಬೇಕಿತ್ತು. ಕೆಳಗೆ ಬಂಡೆ ಸಿಕ್ಕಿತು ಭಾವ ಎಂದು ಅವನು ಗುಂಡಿಯನ್ನು ಮೊಳದಷ್ಟೇ ತೋಡಿ, ಕೊಳವೆಯ ತುಂಡೊಂದನ್ನು ನಿಲ್ಲಿಸಿ, ಸಿಮೆಂಟಿನ ಮುಚ್ಚಳ ಹಾಕಿ ಹಸಿರು ಬಣ್ಣ ಬಳಿದ. ಉಳಿದ ಉದ್ದನೆಯ ಕೊಳವೆ ಒಂದು ಭಾನುವಾರ ಅಕ್ಕನ ಹಿತ್ತಲಿಗೆ ಬಂದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಕಂಬವಾಯಿತು. ಅದು ಎಲ್ಲಿಯದೆಂದು ಮೇಷ್ಟ್ರು ಕೇಳಲಿಲ್ಲ. ಸೋಮವಾರ ‘ಭೂಸಂಪರ್ಕವನ್ನು ಖುದ್ದಾಗಿ ಅಳೆದು ತೃಪ್ತಿಪಟ್ಟಿದ್ದೇನೆ’ ಎಂಬ ಹಾಳೆಗೆ ಸಹಿ ಹಾಕಿದ. ಆಮೇಲೆ ಅವನ ಎಲ್ಲ ಅಂಗಿಗಳೂ ಆ ತೃಪ್ತಿಯ ಆಸರೆಯಲ್ಲೇ ಒಣಗಿದವು.

ಒಂಬತ್ತು ಗಂಟೆಗೆ ವಿದ್ಯಾರ್ಥಿಗಳು ಬಂದರು. ಪ್ರಾಂಶುಪಾಲರ ಆಜ್ಞೆಯಂತೆ ವರ್ಕ್‌ಶಾಪಿನ ನೆಲವನ್ನು ಎರಡೆರಡು ಸಲ ನೀರು ಹಾಕಿ ಒರೆಸಿಯಾಗಿತ್ತು. ನೆಲ ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಹೊಳಪು ಕೆಡಬಾರದೆಂದು ಎಲ್ಲರೂ ಚಪ್ಪಲಿ, ಶೂ ಹೊರಗೆ ಬಿಡಬೇಕೆಂದು ಗುಮಾಸ್ತ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಮೇಷ್ಟ್ರೇ ಬರೆಸಿದ ಹತ್ತು ನಿಯಮಗಳಿದ್ದವು. ಎರಡನೆಯದು ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲಬಾರದು ಎಂಬುದು. ಮೇಷ್ಟ್ರು ಗುಮಾಸ್ತನ ಹತ್ತಿರ ಹೋಗಿ, ಇದು ಸರಿಯಲ್ಲ ಎನ್ನುವಷ್ಟು ಬಾಯಿ ತೆರೆದು, ತನ್ನ ಶೂ ಬಿಚ್ಚಿಟ್ಟು ಒಳಗೆ ಬಂದ. ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತು. ಅದನ್ನು ಒಳಗೆಳೆದುಕೊಳ್ಳುವ ಪ್ರಯತ್ನದಲ್ಲಿ ಮುಂದಿನ ಹತ್ತು ನಿಮಿಷ ಅವನಿಗೆ ಬೇರೇನೂ ತೋಚಲಿಲ್ಲ.

ಪ್ರಾತ್ಯಕ್ಷಿಕೆ ಕೊಡಲು ಆರಿಸಿದ್ದು ಟೈಲರಕ್ಕನನ್ನು. ತರಗತಿಯ ಉಳಿದ ಹತ್ತೊಂಬತ್ತು ಮಂದಿ ಇನ್ನೂ ಮೀಸೆ ಮೂಡುವ ವಯಸ್ಸಿನವರಾದರೆ ಅವಳಿಗೆ ಮೂವತ್ತಾರು. ಹದಿನೈದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದವಳು. ಅಲ್ಲಿ ಅವಳ ಮೆಷಿನ್ನು ದಿನಾ ಮೊಣಕಾಲಿಗೆ ಜುಮ್ಮೆನ್ನಿಸುತ್ತಿತ್ತು; ಯಾಕೆಂದು ಕೇಳಿದರೆ ಮೇಲ್ವಿಚಾರಕ ರಬ್ಬರ್ ಚಪ್ಪಲಿ ಹಾಕಿಕೋ ಎಂದನಂತೆ. ಯಾಕೆಂದು ತಾನೇ ತಿಳಿಯಬೇಕೆಂದು ಇಲ್ಲಿಗೆ ಸೇರಿದ್ದಳು. ಅದೇ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿ ಅವಳಿಗೆ ಕೆಲಸ ಕಾದಿತ್ತು. ಮುಂದಿನ ತಿಂಗಳ ಒಂದನೇ ತಾರೀಕಿಗೆ ಪ್ರಮಾಣಪತ್ರ ಹಿಡಿದು ಬರಬೇಕೆಂದಿದ್ದರು. ಅವಳ ನೋಟ್ಸು ಅಂಗಿಯ ಅಳತೆ ಬರೆದ ಹಾಗೆ ಚೊಕ್ಕ. ಆದರೆ ಪ್ರಶ್ನೆ ಕೇಳುತ್ತಿದ್ದಳು, ಅದೊಂದು ಕಾಯಿಲೆ. ಹಸಿರು ತಂತಿ ಗೋಡೆಯೊಳಗೆ ಹೋದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಳು. ಭೂಮಿಗೆ ಎಂದಿದ್ದ. ನೋಡಬಹುದಾ ಎಂದಿದ್ದಳು. ಭೂಮಿಯನ್ನು ನೋಡುವುದೇನಿದೆ ಎಂದು ಅವನು ಹೇಳಿದಾಗ ಹುಡುಗರೆಲ್ಲ ನಕ್ಕಿದ್ದರು, ಅವಳು ಮಾತ್ರ ಅದನ್ನೂ ಬರೆದುಕೊಂಡಿದ್ದಳು.

ಫಿಟ್ಟರನ ಕತೆ ಹೇಳಿದ ದಿನವೂ ಅವಳೇ ಕೇಳಿದ್ದು. ಪ್ರತಿ ವರ್ಷ, ಪ್ರತಿ ಹೊಸ ತರಗತಿಗೆ ಅವನು ಹೇಳುವ ಕತೆ ಅದು. ಒಂದು ಮಿಲ್ಲು, ಅಲ್ಲೊಬ್ಬ ಅನುಭವಸ್ಥ ಫಿಟ್ಟರ್, ಏಣಿ ಹತ್ತಿ ಮೋಟಾರಿನ ತಂತಿ ಬದಲಿಸುವ ಮುನ್ನ ಕೆಳಗಿನ ಸ್ವಿಚ್ಚಿಗೆ ‘ಕೆಲಸ ನಡೆಯುತ್ತಿದೆ’ ಎಂಬ ಹಲಗೆ ನೇತುಹಾಕಬೇಕಿತ್ತು, ಮರೆತ, ಯಾರೋ ಸ್ವಿಚ್ ಹಾಕಿದರು, ಬಿದ್ದ, ಬಲಗೈ ಮತ್ತೆ ಭುಜದಿಂದ ಮೇಲೆ ಏಳಲಿಲ್ಲ. ಆದ್ದರಿಂದ ಮಕ್ಕಳೇ, ಹಲಗೆ ಹಾಕುವುದನ್ನು ಮರೆಯಬೇಡಿ. ವರ್ಷದಿಂದ ವರ್ಷಕ್ಕೆ ಕತೆ ಹದವಾಗುತ್ತ ಬಂದಿತ್ತು. ಏಳನೇ ವರ್ಷ ಫಿಟ್ಟರನಿಗೆ ಹಾಡು ಗುನುಗುವ ಚಟ ಬಂತು. ಹನ್ನೆರಡನೇ ವರ್ಷ ಕನ್ನಡಕ ಕಳೆದುಹೋಯಿತು. ಈಗೀಗ ಅವನು ಬೀಳುವಲ್ಲಿ ಹುಡುಗರು ನಗುತ್ತಿದ್ದರು. ಈ ವರ್ಷವೂ ನಕ್ಕರು. ನಗು ನಿಂತ ಮೇಲೆ ಟೈಲರಕ್ಕ ಎದ್ದು ನಿಂತು, “ಸ್ವಿಚ್ ಹಾಕಿದ್ದು ಯಾರು ಸಾರ್?” ಎಂದಳು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಯಾರೋ ಒಬ್ಬರು, ಅದು ಮುಖ್ಯವಲ್ಲ ಎಂದು ಅವನು ಕಪ್ಪು ಹಲಗೆಯ ಕಡೆ ತಿರುಗಿ, ಅಳಿಸಲು ಏನೂ ಇಲ್ಲದ ಹಲಗೆಯನ್ನು ಬಹಳ ಹೊತ್ತು ಅಳಿಸಿದ.

ಹಲಗೆ ಇತ್ತು. ಅದೇ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮೇಷ್ಟ್ರಿಗೆ ಆಗ ಇಪ್ಪತ್ತೆರಡು ವರ್ಷ, ಮೇಲ್ವಿಚಾರಕ ಕೂಗುತ್ತಿದ್ದ, ಸ್ವಿಚ್ಚಿನ ಹಿಡಿಯ ಮೇಲೆ ನೇತಾಡುತ್ತಿದ್ದುದನ್ನು ಅವನು ಏನೆಂದು ನೋಡದೆ ಪಕ್ಕಕ್ಕೆ ಸರಿಸಿ ಹಿಡಿಯನ್ನು ಎತ್ತಿದ. ಹಲಗೆ ತೂಗಿ ಬಂದು ಅವನ ಮಣಿಕಟ್ಟಿಗೆ ಮೆತ್ತಗೆ ಬಡಿದದ್ದು, ಕೆಲಸಕ್ಕೆ ಹೊತ್ತಾಯಿತು ಎಂದು ಹೆಂಡತಿ ಬೆಳಿಗ್ಗೆ ಮಣಿಕಟ್ಟು ಮುಟ್ಟಿ ಎಬ್ಬಿಸಿದಾಗಲೂ ನೆನಪಾಗುತ್ತಿತ್ತು. ವಿಚಾರಣೆಯಲ್ಲಿ ಹಲಗೆ ಇರಲಿಲ್ಲ ಎಂದು ಹೇಳಿದ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ ಫಿಟ್ಟರ್ ಅವನ ಕಡೆ ಒಂದು ಗಳಿಗೆ ನೋಡಿ, ಹೌದು, ಹಾಕೋದು ನಾನೇ ಮರೆತೆ ಎಂದ. ಅದು ಕರುಣೆಯೋ, ತಿರಸ್ಕಾರವೋ, ಅಥವಾ ಬಿದ್ದ ಪೆಟ್ಟಿನಲ್ಲಿ ನಿಜವಾಗಿಯೂ ಮರೆತಿದ್ದನೋ, ಕೇಳುವ ಧೈರ್ಯ ಬರಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಒಂದು ಬಸ್ಸಿನಲ್ಲಿ, ಎಡಗೈಯಲ್ಲಿ ಕಂಬಿ ಹಿಡಿದು ನಿಂತ ಮುದುಕನನ್ನು ಕಂಡು, ಆ ಫಿಟ್ಟರನೇ ಹೌದೋ ಅಲ್ಲವೋ ಎಂದು ನೋಡುವುದಕ್ಕೂ ನಿಲ್ಲದೆ ಮುಂದಿನ ನಿಲ್ದಾಣದಲ್ಲೇ ಇಳಿದು ಎರಡು ಮೈಲಿ ನಡೆದಿದ್ದ. ನಡೆಯುತ್ತ ಆ ವರ್ಷದ ಪಾಠಕ್ಕೆ ಕನ್ನಡಕ ಹೊಳೆದಿತ್ತು.

ತಪಾಸಣಾಧಿಕಾರಿಗಳು ಹನ್ನೊಂದಕ್ಕೆ ಬಂದರು. ಮಂಡಿ ನೋವಿನಿಂದ ಮೆಲ್ಲಗೆ ನಡೆಯುವ, ಬೆಳಗಿನಿಂದ ಇಂಥ ಇನ್ನೆರಡು ಸಂಸ್ಥೆಗಳನ್ನು ನೋಡಿ ಬಂದ, ಒಳ್ಳೆಯ ಮನುಷ್ಯರಂತೆ ಕಾಣುವ ಒಬ್ಬರು. ಅವರಿಗೂ ಪ್ರಾಂಶುಪಾಲರಿಗೂ ಮಾತ್ರ ಶೂ ಬಿಚ್ಚುವುದರಿಂದ ವಿನಾಯಿತಿ. ಇಂದು ಅವರು ಒಪ್ಪಿದರೆ ಸಂಸ್ಥೆಗೆ ‘ಮಾದರಿ ಸುರಕ್ಷತಾ ಕೇಂದ್ರ’ ಎಂಬ ಮಾನ್ಯತೆ. ಈ ತರಗತಿಯ ಪ್ರಮಾಣಪತ್ರಗಳೂ ಅದೇ ಮುದ್ರೆಗಾಗಿ ಕಾದಿದ್ದವು. ಹಗ್ಗ ಬಿಚ್ಚಿದ್ದರು. ಪ್ರಾಂಶುಪಾಲರು ಯಂತ್ರದ ಚೌಕಟ್ಟನ್ನು ಮನೆಯ ಹಸುವಿನ ಬೆನ್ನು ತಟ್ಟುವ ಹಾಗೆ ತಟ್ಟುತ್ತ, ನಮ್ಮಲ್ಲಿ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಆರು ಗಂಟೆ ಇದರ ಮೇಲೇ ಕೈಯಾಡಿಸುತ್ತಾನೆ ಎಂದು ವಿವರಿಸಿದರು. ಅಧಿಕಾರಿ ರಿಜಿಸ್ಟರನ್ನು ತಿರುವಿ ಸಹಿಗಳನ್ನು ಮೆಚ್ಚಿಕೊಂಡರು. ಗೊಂಬೆಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದರಿಂದ ಅದರ ಎದೆಯ ಬಲ್ಬು ಹತ್ತಿದರೂ ಕಾಣುವಂತಿರಲಿಲ್ಲ.

ಕಾರ್ಯಕ್ರಮ ಹೀಗೆ: ಮೇಷ್ಟ್ರು ಯಂತ್ರದ ಸ್ವಿಚ್ ಹಾಕಬೇಕು. ಟೈಲರಕ್ಕ ಎರಡನೇ ಗುಂಡಿ ತಿರುಗಿಸಬೇಕು. ಆಗ ಕರೆಂಟು ವಾಷಿಂಗ್ ಮೆಷಿನ್ನಿನ ಮೈಗೆ ಹರಿಯುತ್ತದೆ, ಭೂಸಂಪರ್ಕದ ದಯೆಯಿಂದ ಫ್ಯೂಸು ಹಾರುತ್ತದೆ, ಅವಳು ಮೆಷಿನ್ನಿನ ಮೇಲೆ ಅಂಗೈ ಊರಿ ನಗಬೇಕು, ಗುಮಾಸ್ತ ಫೋಟೋ ತೆಗೆಯಬೇಕು. ನಿನ್ನೆ ಅಭ್ಯಾಸ ಮಾಡಿದಾಗ ಸ್ವಿಚ್ ಹಾಕಿರಲಿಲ್ಲ. ಮಾತು ನಗು ಎಲ್ಲ ಚೆನ್ನಾಗಿ ಬಂದಿತ್ತು. ಇವತ್ತೂ ಹಾಕುವುದು ಬೇಡ, ಹಾಕಿದ ಹಾಗೆ ಮಾಡಿದರಾಯಿತು ಎಂದು ಅವನು ಬೆಳಗಿನಿಂದ ಲೆಕ್ಕ ಹಾಕಿಕೊಂಡಿದ್ದ. ನಿಜಕ್ಕೂ ಅವನ ಇಡೀ ಧೈರ್ಯ ಆ ಒಂದು ಉಪಾಯದ ಮೇಲೆ ನಿಂತಿತ್ತು. ಹಾಗೇ ಮಾಡಿದ. ಆದರೆ ಅಧಿಕಾರಿ, ಫಲಕದ ಮೇಲೆ ಬಲ್ಬ್ ಹತ್ತಲೇ ಇಲ್ಲವಲ್ಲ ಎಂದು ಮೃದುವಾಗಿ ಕೇಳಿದರು. ಪ್ರಾಂಶುಪಾಲರು ಅವನನ್ನು ನೋಡಿದರು. ಅವನ ಕೈ, ಯಾರದೋ ಕೈಯಂತೆ, ಹೋಗಿ ಸ್ವಿಚ್ ಹಾಕಿತು.

ಟೈಲರಕ್ಕ ಎರಡನೇ ಗುಂಡಿ ತಿರುಗಿಸಿದಳು. ಫ್ಯೂಸು ಹಾರಬೇಕಿತ್ತು, ಹಾರಲಿಲ್ಲ. ಹುಡುಗರು ಕಿವಿಗೊಟ್ಟು ಕಾದರು. ಆ ಮೌನದಲ್ಲಿ ಮೇಷ್ಟ್ರಿಗೆ ತಗಡಿನ ಮೈ ತುಂಬ ಕರೆಂಟು ಬಂದು ಕೂತದ್ದು, ನೋಡಲು ಏನೂ ಇಲ್ಲದಿದ್ದರೂ, ಕಣ್ಣಿಗೆ ಕಂಡಂತಾಯಿತು. ಅವಳ ಬರಿಗಾಲು ಒದ್ದೆ ನೆಲದ ಮೇಲಿತ್ತು. ಹೆಬ್ಬೆರಳ ಉಗುರಿನ ಸುತ್ತ ನೀರು ಹೊಳೆಯುತ್ತಿತ್ತು. “ನೋಡಿ ಸಾರ್, ಏನೂ ಆಗಲಿಲ್ಲ. ಇದೇ ಸುರಕ್ಷತೆ” ಎಂದರು ಪ್ರಾಂಶುಪಾಲರು. ಮುಟ್ಟಿ ತೋರಿಸಮ್ಮ ಎಂದು ಅವಳಿಗೆ ಹೇಳಿ, ಗುಮಾಸ್ತನಿಗೆ ಕಣ್ಸನ್ನೆ ಮಾಡಿದರು. ಅವಳು ಮುಟ್ಟಲಿಲ್ಲ. ಕೈ ಮೆಷಿನ್ನಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಆಮೇಲೆ ಆ ಕೈಯನ್ನು ಹಿಂದೆ ತಂದು, ಹೊಲಿಗೆ ಬಿಚ್ಚುವವರ ನಾಜೂಕಿನಿಂದ ಉಗುರಲ್ಲಿ ಟೇಪಿನ ಎದ್ದ ಮೂಲೆಯನ್ನು ಹಿಡಿದು ಎಳೆದಳು. ಟೇಪು ಸದ್ದಿಲ್ಲದೆ ಬಂತು. ಕೆಂಪು ದೀಪ ಎಲ್ಲರ ಮುಖಕ್ಕೂ ನೆಟ್ಟಗೆ ಉರಿಯಿತು. ಅದೊಂದು ಬಲ್ಬ್ ಕೆಟ್ಟಿದೆ ಸಾರ್ ಎಂದರು ಪ್ರಾಂಶುಪಾಲರು. ಕೆಟ್ಟ ಬಲ್ಬು ಉರಿಯುವುದು ಹೇಗೆಂದು ಯಾರೂ ಕೇಳಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡು, ಮುಂದುವರಿಸಿ ಎಂದರು. ಅವಳು ಪ್ರಾಂಶುಪಾಲರನ್ನೂ ನೋಡಲಿಲ್ಲ, ಅಧಿಕಾರಿಯನ್ನೂ ನೋಡಲಿಲ್ಲ. ಮೇಷ್ಟ್ರ ಕಡೆ ತಿರುಗಿ ಕೇಳಿದಳು:

“ಮುಟ್ಟಲಾ ಸಾರ್?”

ಅವನಿಗೆ ಒಮ್ಮೆಗೇ ಬಹಳ ವಿಷಯಗಳು ಹೊಳೆದವು. ಅವಳು ನಿಜವಾಗಿ ಮುಟ್ಟುವುದಿಲ್ಲ, ಹೆದರಿಸುತ್ತಿದ್ದಾಳೆ. ಇಲ್ಲ, ಮುಟ್ಟು ಎಂದರೆ ಮುಟ್ಟುತ್ತಾಳೆ. ಒಂದನೇ ತಾರೀಕಿನ ಕೆಲಸ ಬೇಕು ಅವಳಿಗೆ. ಬೇಡ ಎಂದರೆ ಯಾಕೆ ಬೇಡ ಎನ್ನುತ್ತಾರೆ, ಹೊರಗಿನ ಗುಂಡಿಯ ಮುಚ್ಚಳ ತೆಗೆಯುತ್ತಾರೆ, ತನ್ನ ಸಹಿ ಸಿಗುತ್ತದೆ, ಹೆಂಡತಿ ತಮ್ಮನಿಗೆ ಟೀ ಕೊಡುವಾಗ ಈ ಸಲ ತನ್ನ ಮುಖವನ್ನು ನೋಡಿಯೇ ನೋಡುತ್ತಾಳೆ. ಕಾಲ್ಚೀಲದಿಂದ ಹೆಬ್ಬೆರಳು ಮತ್ತೆ ಹೊರಗೆ ಬಂದಿತ್ತು. ಬೇಡ ಎಂದು ಹೇಳಬೇಕೆಂದು ಬಾಯಿ ತೆರೆದ. ಬಾಯಿಂದ ಬಂದದ್ದು ಬೇರೆ.

“ಸ್ವಿಚ್ ಹಾಕಿದ್ದು ನಾನು.”

“ಹೌದು, ನೋಡಿದ್ವಲ್ಲ” ಎಂದರು ಅಧಿಕಾರಿ.

ಹಲಗೆ ಇತ್ತು, ನೋಡಲಿಲ್ಲ, ನಾನೇ ಹಾಕಿದೆ ಎಂದು ಅವನು ಮತ್ತೊಮ್ಮೆ ಹೇಳಿದ. ಹುಡುಗರು ಮುಖ ಮುಖ ನೋಡಿಕೊಂಡರು. ಯಾವ ಹಲಗೆ ಎಂದು ಗುಮಾಸ್ತ ಸುತ್ತ ಹುಡುಕಿದ. ಟೈಲರಕ್ಕನ ಕೈ ಮಾತ್ರ ಮೆಲ್ಲಗೆ ಕೆಳಗಿಳಿಯಿತು, ಅವಳಿಗೆ ಅರ್ಥವಾಗಿತ್ತು. ಆಮೇಲೆ ಅವನು ಯಂತ್ರದ ಸ್ವಿಚ್ ಆರಿಸಿದ. ಒಂದು ಸಲ ಶುರುವಾದ ಮಾತು ತಾನಾಗಿ ಹರಿಯಿತು: ಮೆಷಿನ್ನಿನ ಮೈಯಲ್ಲಿ ಕರೆಂಟಿತ್ತು, ಅವಳು ಮುಟ್ಟಿದ್ದರೆ ಇಲ್ಲೇ ಬೀಳುತ್ತಿದ್ದಳು; ಹೊರಗಿನ ಗುಂಡಿಯಲ್ಲಿ ಮೊಳದುದ್ದದ ತುಂಡು ಬಿಟ್ಟು ಏನೂ ಇಲ್ಲ; ಅಳೆಯದೆ ಸಹಿ ಹಾಕಿದವನು ತಾನು; ಕೆಲಸ ಮಾಡಿದವನು ತನ್ನ ಭಾವಮೈದುನ; ಟೇಪು ಅಂಟಿಸಿದ್ದೂ ತಾನೇ. ಹೇಳಿ ಮುಗಿಸಿದಾಗ ಮೈ ಬೆವರಿ, ಎಂದೂ ಇಲ್ಲದ ಹಗುರವೊಂದು ಕಾಲಿನಿಂದ ಮೇಲಕ್ಕೆ ಏರುತ್ತಿತ್ತು. ಅಧಿಕಾರಿ ರಿಜಿಸ್ಟರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಮೇಲೆ ಚಪ್ಪಾಳೆ ತಟ್ಟಿದರು.

“ಬಹಳ ಚೆನ್ನಾಗಿ ಮಾಡಿದ್ರಿ. ತಪ್ಪು ಒಪ್ಪಿಕೊಳ್ಳೋ ಹಂತ ಕೂಡ ಸೇರಿಸಿದ್ದೀರಲ್ಲ, ಇದನ್ನ ಎಲ್ಲೂ ನೋಡಿರಲಿಲ್ಲ.”

ಪ್ರಾಂಶುಪಾಲರ ಮುಖಕ್ಕೆ ರಕ್ತ ಮರಳಿ ಬಂದು, ಅವರೂ ತಟ್ಟಿದರು. ಇದೆಲ್ಲ ನಮ್ಮದೇ ಹೊಸ ಪದ್ಧತಿ ಸಾರ್, ನಾಟಕದ ಮೂಲಕ ಸುರಕ್ಷತೆ ಎಂದರು. ಹತ್ತೊಂಬತ್ತು ಹುಡುಗರು ತಟ್ಟಿದರು. ಇಷ್ಟು ದೊಡ್ಡ ಚಪ್ಪಾಳೆ ಅವನಿಗೆ ಆಯುಷ್ಯದಲ್ಲಿ ಬಿದ್ದಿರಲಿಲ್ಲ. ಇದು ನಾಟಕವಲ್ಲ ಎಂದು ಹೇಳಲು ಹೋದರೆ, ಅವರು ಅದನ್ನೂ ಪಾತ್ರದೊಳಗೇ ಸೇರಿಸಿಕೊಂಡು ನಕ್ಕರು. ಎಲ್ಲರೂ ಕಚೇರಿಯ ಕಡೆ ಹೊರಟರು. ಅವನೂ ಟೈಲರಕ್ಕನೂ ಗೊಂಬೆಯೂ ಉಳಿದರು. ಈಗ ಸುಮ್ಮನಿದ್ದುಬಿಡಬಹುದು ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು. ನಿಜವನ್ನು ಹೇಳಿಯಾಗಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ, ಮಾನ್ಯತೆ ಬರುತ್ತಿತ್ತು, ಅವಳಿಗೆ ಕೆಲಸ ಸಿಗುತ್ತಿತ್ತು, ಮನಸ್ಸೂ ಹಗುರ. ಇಂಥ ಅನುಕೂಲದ ಪ್ರಾಯಶ್ಚಿತ್ತ ಕೇಳಿದರೂ ಸಿಗುವುದಿಲ್ಲ. ಆ ಹಗುರದ ಬಗ್ಗೆಯೇ ಅವನಿಗೆ ಹೇಸಿಗೆ ಹುಟ್ಟಿತು. ಅವಳು ಅವನನ್ನೇ ನೋಡುತ್ತಿದ್ದಳು.

ಅವನು ಕಾರಿಡಾರಿನ ತುದಿಯ ಮೇನ್ ಬೋರ್ಡಿಗೆ ಹೋಗಿ, ದೊಡ್ಡ ಹಿಡಿಯನ್ನು ಕೆಳಗೆಳೆದು, ಮೂರು ಪಿಂಗಾಣಿ ಫ್ಯೂಸುಗಳನ್ನು ಕಿತ್ತು ಪ್ಯಾಂಟಿನ ಜೇಬುಗಳಿಗೆ ತುಂಬಿಕೊಂಡ. ಇಡೀ ಕಟ್ಟಡದ ಫ್ಯಾನುಗಳು ನಿಟ್ಟುಸಿರಿಟ್ಟು ನಿಂತವು. ಕಚೇರಿಯಲ್ಲಿ ಮಾನ್ಯತೆಯ ಪತ್ರ ಪ್ರಿಂಟರಿನಿಂದ ಅರ್ಧ ಹೊರಗೆ ಬಂದು, ‘ಈ ಸಂಸ್ಥೆಯು ಸುರಕ್ಷತೆಯಲ್ಲಿ’ ಎಂಬಲ್ಲಿ ನಿಂತಿತ್ತು. ಫ್ಯೂಸುಗಳ ಭಾರಕ್ಕೆ ಪ್ಯಾಂಟು ಜಾರುತ್ತಿದ್ದುದರಿಂದ ಅವನು ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾಯಿತು. ಪ್ರಾಂಶುಪಾಲರು ಎದ್ದು ಬಂದು, ಕೊಡ್ರಿ ಇಲ್ಲಿ ಎಂದು ಕೈ ಚಾಚಿದರು. ಗುಂಡಿ ನೋಡಿದ ಮೇಲೆ ಕೊಡುತ್ತೇನೆ ಎಂದ.  ಅಧಿಕಾರಿ ಅವನ ಜೇಬುಗಳನ್ನು, ಕಾಲ್ಚೀಲವನ್ನು, ಆಮೇಲೆ ಮುಖವನ್ನು ನೋಡಿದರು. ಟೀ ಲೋಟವನ್ನು ಕೆಳಗಿಟ್ಟು, ಹಾಗಾದ್ರೆ ನಾಟಕ ಅಲ್ವಾ ಅದು ಎಂದು ಬಹಳ ದಣಿದ ಸ್ವರದಲ್ಲಿ ಕೇಳಿ, ಮಂಡಿ ಹಿಡಿದುಕೊಂಡು ಎದ್ದರು.

ಹಸಿರು ಮುಚ್ಚಳ ಎತ್ತಿದಾಗ ಒಳಗೆ ಕೊಳವೆಯ ತುಂಡು, ಯಾರೋ ಎಸೆದ ಟೀ ಲೋಟಗಳು, ಒಂದು ಕಪ್ಪೆ ಇದ್ದವು. ಹಸಿರು ತಂತಿ ತುಂಡಿಗೆ ತಾಗಿಯೂ ಇರಲಿಲ್ಲ. ಕಪ್ಪೆಯ ಪಕ್ಕದಲ್ಲಿ ಸುರುಳಿ ಸುತ್ತಿ ಮಲಗಿತ್ತು. ತಪಾಸಣೆಯ ವರದಿಯಲ್ಲಿ ಆಗಲೇ ಹೊಗಳಿ ಬರೆದದ್ದನ್ನು ಹರಿದು ಹಾಕುವ ನಿಯಮ ಇಲ್ಲದ್ದರಿಂದ ಅಧಿಕಾರಿ ಅದರ ಕೆಳಗೇ ‘ಆದಾಗ್ಯೂ’ ಎಂದು ಬರೆದು ಮುಂದುವರಿಸಿದರು. ಮಾನ್ಯತೆಯನ್ನು ಮುಂದಿನ ತಪಾಸಣೆಯವರೆಗೆ, ಎಂದರೆ ಮೂರು ತಿಂಗಳು, ತಡೆಹಿಡಿಯಲಾಯಿತು, ಪ್ರಮಾಣಪತ್ರಗಳನ್ನೂ.

ಪ್ರಾಂಶುಪಾಲರು ಅವನಿಗೆ ಮೆಮೋ ಕೊಟ್ಟರು. ಸುಳ್ಳು ಸಹಿಯ ಮಾತು ಅದರಲ್ಲಿರಲಿಲ್ಲ, ಯಾಕೆಂದರೆ ಆ ಹಾಳೆಯ ಮೇಲೆ ಅವರದೂ ಸಹಿಯಿತ್ತು. ಲಿಖಿತ ಅನುಮತಿಯಿಲ್ಲದೆ ಮೂರು ಫ್ಯೂಸುಗಳನ್ನು ಸ್ವಂತ ಜೇಬಿನಲ್ಲಿಟ್ಟುಕೊಂಡದ್ದು ಮೊದಲನೆಯ ಆರೋಪ. ಕಚೇರಿಯ ಆದೇಶದಂತೆ ಅಂಟಿಸಿದ್ದ ಟೇಪನ್ನು ತೆಗೆಯಲು ವಿದ್ಯಾರ್ಥಿನಿಗೆ ಅವಕಾಶ ಕೊಟ್ಟದ್ದು ಎರಡನೆಯದು. ಮುಂದಿನ ಬಡ್ತಿ ಹೋಯಿತು. ಭಾವಮೈದುನ ಒಂದು ಸಂಜೆ ಬಂದು ಹಿತ್ತಲಿಗೆ ಹೋಗಿ, ಹಗ್ಗದ ಮೇಲಿನ ಒದ್ದೆ ಬಟ್ಟೆಗಳನ್ನು ಜಾಗ್ರತೆಯಾಗಿ ಕಟ್ಟೆಯ ಮೇಲಿಟ್ಟು, ಕೊಳವೆಯನ್ನು ಕಿತ್ತು ಸಂಸ್ಥೆಯ ಅಂಗಳದಲ್ಲಿ ಹಾಕಿ ಹೋದ. ಭಾವನ ಜೊತೆ ಮಾತಾಡಲಿಲ್ಲ. ಹೆಂಡತಿ ಮೂರು ದಿನ ಬಿಟ್ಟು ಮಾತಾಡಿದಳು. “ನನ್ನ ತಮ್ಮನ ಹೆಸರು ಹೇಳದೆ ಇರೋಕೆ ಆಗ್ತಿರಲಿಲ್ವಾ?” ಎಂದಳು. ನನ್ನ ಹೆಸರನ್ನೂ ಹೇಳಿದೆ ಎಂದ. “ನಿಮ್ಮದು ನಿಮ್ಮಿಷ್ಟ” ಎಂದಳು. 

ಗುಂಡಿ ತೋಡುವುದಕ್ಕೆ ಆಳುಗಳನ್ನು ಕರೆಸಲು ಅನುಮತಿ ಬರಬೇಕೆಂದು ಕಚೇರಿ ಹೇಳಿತು. ಪಾಠದ ಭಾಗವಾಗಿ ವಿದ್ಯಾರ್ಥಿಗಳೇ ತೋಡಿದರೆ ಅನುಮತಿ ಬೇಡ ಎಂಬುದನ್ನು ಟೈಲರಕ್ಕ ನಿಯಮಾವಳಿಯಲ್ಲಿ ಹುಡುಕಿ ತೋರಿಸಿದಳು. ಒಂದನೇ ತಾರೀಕಿನ ದಿನವೇ ಶುರುವಾಯಿತು. ಮೊದಲ ಮೊಳಕ್ಕೆ ಹುಡುಗರು ಸಾಲುಗಟ್ಟಿ ಬಂದರು, ಎರಡನೆಯದಕ್ಕೆ ಅರ್ಧವಾದರು, ಊಟದ ಹೊತ್ತಿಗೆ ಮೇಲೆ ಬುಟ್ಟಿ ಎಳೆಯುವ ಇಬ್ಬರು ಉಳಿದರು. ಬಂಡೆ ಎಲ್ಲೂ ಸಿಗಲಿಲ್ಲ. ಎದೆಮಟ್ಟದ ಗುಂಡಿಯಲ್ಲಿ ಮೇಷ್ಟ್ರು ಅಂಗಿ ಬಿಚ್ಚಿ ಹಾರೆ ಹಾಕುತ್ತಿದ್ದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಟೈಲರಕ್ಕ ಅಂಚಿನಲ್ಲಿ ಕೂತು ಆಳ ಅಳೆದು ಬರೆದುಕೊಳ್ಳುತ್ತಿದ್ದಳು. ಕಾರ್ಖಾನೆಯವರು ಏನಂದರು ಎಂದು ಅವನು ತಲೆಯೆತ್ತದೆ ಕೇಳಿದ. ಬೇರೆಯವರನ್ನು ತಗೊಂಡರು ಎಂದಳು. ಅವನ ಹಾರೆ ನಿಂತಿತು.

“ನನ್ನಿಂದ ನಿನಗೆ ಹೀಗಾಯ್ತು.”

ಇಲ್ಲ ಸಾರ್, ನೀವೇನು ಮಾಡುತ್ತೀರಿ, ನನ್ನ ಹಣೆಬರಹ ಎಂದು ಅವಳು ಹೇಳುತ್ತಾಳೆಂದು ಕಾದ. ಎಲ್ಲರೂ ಅಷ್ಟು ಹೇಳುತ್ತಾರೆ. ಅವಳು ಅಳತೆಯ ಪಟ್ಟಿಯನ್ನು ಸುತ್ತಿ ಸೆರಗಿಗೆ ಸಿಕ್ಕಿಸಿಕೊಂಡಳು.

“ಹೌದು ಸಾರ್, ನಿಮ್ಮಿಂದಲೇ. ಮೊದಲನೇ ದಿನ ಹೇಳಿದ್ರೆ ಇದು ಒಂದು ದಿನದ ಕೆಲಸ.”

ಕೋಪವಿರಲಿಲ್ಲ ಆ ಮಾತಿನಲ್ಲಿ. ಕಡಿಮೆ ಮಾಡಿ ಹೇಳಿದ್ದೂ ಏನಿರಲಿಲ್ಲ. ಅವನು ಹೌದು ಎಂದು ತಲೆಯಾಡಿಸಿ, ಮಣ್ಣು ಹತ್ತಿದ ಮಣಿಕಟ್ಟಿನಿಂದ ಮುಖ ಒರೆಸಿಕೊಂಡು, ಮತ್ತೆ ಹಾರೆ ಹಿಡಿದ. ಕೆಳಗಿನ ಮಣ್ಣು ತಂಪಾಗಿ, ಕಪ್ಪಗೆ, ತೇವವಾಗಿ ಬರತೊಡಗಿತ್ತು. ಕರೆಂಟು ಇಳಿಯುವುದಕ್ಕೆ ಇಂಥ ಮಣ್ಣೇ ಬೇಕೆಂದು ಅವನು ಎಷ್ಟೋ ಸಲ ಸೀಮೆಸುಣ್ಣದಲ್ಲಿ ಬರೆದಿದ್ದ, ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಮೇಲೆ ಅವಳು ಚಪ್ಪಲಿ ಬಿಡುವ ಸದ್ದು ಕೇಳಿಸಿತು.

“ಸ್ವಲ್ಪ ಸರೀರಿ” ಎಂದು ಅವಳು ಗುಂಡಿಯೊಳಗೆ ಇಳಿದಳು.